ಗೋಧಿಯ ಮೇಲಿನ ಗುಮಾನಿ

ಒಂದು ಕಾಯಿಲೆಗೆ ಹೆಸರಿಡುವುದು ಸುಲಭ, ಅದರ ಕಾರಣವನ್ನು ಹಿಡಿಯುವುದು ಕಷ್ಟ. ಸೀಲಿಯಾಕ್ ಎಂಬ ಕಾಯಿಲೆಯ ವಿಷಯದಲ್ಲಿ ಈ ಎರಡರ ನಡುವೆ ಸುಮಾರು 1,800 ವರ್ಷಗಳು ಸಂದುಹೋದವು. ಕಾರಣ ಕಾಡಿನಲ್ಲೋ ಕೆರೆಯಲ್ಲೋ ಅಡಗಿರಲಿಲ್ಲ. ರೋಗಿಯ ತಟ್ಟೆಯಲ್ಲೇ, ಅದೂ ಮೂರು ಹೊತ್ತೂ, ಕಣ್ಣೆದುರಿಗೇ ಇತ್ತು. ಅದು ಅನ್ನದಷ್ಟೇ ಪವಿತ್ರವೆಂದು ಜನ ನಂಬಿದ್ದ ಗೋಧಿ. ಹತ್ತು ನಿಮಿಷದ ಮಾತಿನಲ್ಲಿ ಹಿಡಿಸದ ಕೆಲವು ವಿವರಗಳನ್ನೂ ಸೇರಿಸಿ ಈ ಚರಿತ್ರೆಯನ್ನು ಇಲ್ಲಿ ಹೇಳುತ್ತಿದ್ದೇನೆ.

ಇಂದಿನ ಟರ್ಕಿ ದೇಶಕ್ಕೆ ಸೇರಿದ ಕಪಡೋಸಿಯ ಸೀಮೆಯಲ್ಲಿ ಕ್ರಿಸ್ತಶಕದ ಮೊದಲೆರಡು ಶತಮಾನಗಳ ಕಾಲದಲ್ಲಿ ಅರೆಟೇಯಸ್ ಎಂಬ ಗ್ರೀಕ್ ವೈದ್ಯನಿದ್ದ. ಬಹುಕಾಲದಿಂದ ಹೊಟ್ಟೆ ಕೆಟ್ಟು, ಉಂಡದ್ದು ಮೈಗೆ ಹತ್ತದೆ, ಬಣ್ಣಗೆಟ್ಟು, ಬಡಕಲಾಗಿ ಹೋಗುವ ರೋಗಿಗಳನ್ನು ಅವನು ವರ್ಣಿಸಿದ್ದಾನೆ. ಗ್ರೀಕ್ ಭಾಷೆಯಲ್ಲಿ ಹೊಟ್ಟೆಗೆ ‘ಕೊಯ್ಲಿಯಾ’ ಎಂದು ಹೆಸರು. ಹೊಟ್ಟೆಯ ರೋಗಿ ‘ಕೊಯ್ಲಿಯಾಕೋಸ್’. ಇಂದಿನ ‘ಸೀಲಿಯಾಕ್’ ಹುಟ್ಟಿದ್ದು ಆ ಮಾತಿನಿಂದಲೇ. ಹೊಟ್ಟೆಯೊಳಗಿನ ಶಾಖ ಕುಂದಿದ್ದರಿಂದ ಆಹಾರ ಅರ್ಧಂಬರ್ಧ ಬೆಂದು ಹೊರಗೆ ಹೋಗುತ್ತದೆ ಎಂದು ಅವನು ತರ್ಕಿಸಿದ್ದ. ಜಠರಾಗ್ನಿ, ಅಗ್ನಿಮಾಂದ್ಯ, ಗ್ರಹಣಿ ಎಂಬ ಮಾತುಗಳನ್ನು ಕೇಳಿ ಬೆಳೆದ ನಮಗೆ ಈ ವಿವರಣೆ ಪರಕೀಯವೆನಿಸುವುದಿಲ್ಲ. ಎರಡು ನಾಡುಗಳ ವೈದ್ಯರು ಒಂದೇ ಬಗೆಯ ಉಪಮೆಗೆ ಕೈಚಾಚಿದ್ದರು ಎಂಬಷ್ಟನ್ನು ಮಾತ್ರ ಇದರಿಂದ ಹೇಳಬಹುದು. ಗ್ರಹಣಿಯೇ ಸೀಲಿಯಾಕ್ ಎಂದು ಸಾಧಿಸಲು ಹೊರಡುವುದು ಸರಿಯಲ್ಲ.

ಅಲ್ಲಿಂದ ಒಮ್ಮೆಗೇ ಲಂಡನ್ನಿಗೆ ಬರೋಣ. 1887ರ ಅಕ್ಟೋಬರ್ 5ರಂದು ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ಡಾ. ಸ್ಯಾಮ್ಯುಯಲ್ ಗೀ ಒಂದು ಉಪನ್ಯಾಸ ಮಾಡಿದರು. ಮರುವರ್ಷ ಅದು ಅಚ್ಚಾಯಿತು. ಒಂದರಿಂದ ಐದು ವರ್ಷದ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ, ಹೊಟ್ಟೆ ಉಬ್ಬಿ ಕೈಕಾಲು ಕಡ್ಡಿಯಾಗುವ, ಬೆಳವಣಿಗೆ ನಿಂತೇ ಹೋಗುವ ಈ ರೋಗದ ಮೊದಲ ಆಧುನಿಕ ಚಿತ್ರ ಅದು. ವಾಸಿಯಾಗುವುದಿದ್ದರೆ ಪಥ್ಯದಿಂದಲೇ ಆಗಬೇಕು ಎಂದು ಗೀ ಸ್ಪಷ್ಟವಾಗಿ ಹೇಳಿದರು. ಹಿಟ್ಟಿನ ಪದಾರ್ಥ ಕಡಿಮೆಯಿರಲಿ ಎಂದೂ ಸೂಚಿಸಿದರು. ಆದರೆ ಪಟ್ಟಿ ಮಾಡುವಾಗ ಅಕ್ಕಿ, ಸಾಬಕ್ಕಿ, ಮೆಕ್ಕೆಜೋಳದ ಹಿಟ್ಟು ಬೇಡವೆಂದು ಹೊಡೆದುಹಾಕಿ, ತೆಳ್ಳಗೆ ಕೊಯ್ದು ಎರಡೂ ಕಡೆ ಚೆನ್ನಾಗಿ ಸುಟ್ಟ ಬ್ರೆಡ್ಡನ್ನೂ ಮಾಲ್ಟ್ ಮಾಡಿದ ಆಹಾರವನ್ನೂ ಉಳಿಸಿಕೊಂಡರು! ಮುಗ್ಧರಿಗೆ ಶಿಕ್ಷೆ, ಕಳ್ಳನಿಗೆ ಬಿಡುಗಡೆ.

ಅದೇ ಉಪನ್ಯಾಸದಲ್ಲಿ ಅವರು ಒಂದು ಮಗುವಿನ ಸಂಗತಿ ಹೇಳಿದ್ದರು. ಆ ಮಗುವಿಗೆ ದಿನವೂ ಒಂದು ದೊಡ್ಡ ಪಾತ್ರೆಯಷ್ಟು ಹಾಲೆಂಡಿನ ಚಿಪ್ಪುಜೀವಿಗಳ ಮಾಂಸವನ್ನು ತಿನ್ನಿಸುತ್ತಿದ್ದರು. ಮಗು ಸೊಗಸಾಗಿ ಚೇತರಿಸಿಕೊಂಡಿತು. ಚಿಪ್ಪಿನ ಕಾಲ ಮುಗಿದೊಡನೆ ಮತ್ತೆ ಸೊರಗಿತು. ಮರುವರ್ಷ ಚಿಪ್ಪು ಬಂದಾಗ ಮಗು ಬಾಯಿ ತೆರೆಯಲಿಲ್ಲ. ದಿನಾ ಅದನ್ನೇ ತಿಂದ ಮಗುವಿಗೆ ಹೊಟ್ಟೆ ತುಂಬಿ ಬ್ರೆಡ್ಡಿಗೆ ಜಾಗವೇ ಇರಲಿಲ್ಲ ಎಂಬುದು ಇಂದು ನಮಗೆ ಹೊಳೆಯುತ್ತದೆ. ಅಂದು ಎಲ್ಲರ ಕಣ್ಣು ಚಿಪ್ಪಿನ ಮೇಲೇ ನೆಟ್ಟಿತ್ತು.

ಇದೇ ಎಡವಟ್ಟು ಇನ್ನೂ ದೊಡ್ಡ ಪ್ರಮಾಣದಲ್ಲಿ ಅಮೆರಿಕದಲ್ಲಿ ನಡೆಯಿತು. 1924ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯವನ್ನು ಪ್ರಕಟಿಸಿದರು. ದಿನಕ್ಕೆ ಹಲವು ಮಾಗಿದ ಬಾಳೆಹಣ್ಣು, ಜೊತೆಗೆ ಹಾಲು, ಗಿಣ್ಣು, ಮಾಂಸ, ತರಕಾರಿ. ಬ್ರೆಡ್ಡು, ಬಿಸ್ಕತ್ತು, ಆಲೂಗಡ್ಡೆ, ಸಕಲ ಧಾನ್ಯಗಳು ವರ್ಜ್ಯ. ಸಾವಿನ ಬಾಗಿಲಲ್ಲಿದ್ದ ಮಕ್ಕಳು ಎದ್ದು ಓಡಾಡಿದರು. ಇದನ್ನು ಹಗುರವಾಗಿ ಕಾಣಬಾರದು. ಆ ಕಾಲದಲ್ಲಿ ಈ ರೋಗ ಹಿಡಿದ ಎಳೆಯರಲ್ಲಿ ಅನೇಕರು ಬದುಕುತ್ತಲೇ ಇರಲಿಲ್ಲ. ಹಾಸರ ಪಥ್ಯ ನಿಜವಾಗಿಯೂ ಪ್ರಾಣ ಉಳಿಸಿತು. 1951ರಲ್ಲಿ ಅವರು ಮಗನೊಂದಿಗೆ ಸೇರಿ ಬರೆದ ಪುಸ್ತಕದಲ್ಲಿ ಇಂತಹ 600ಕ್ಕೂ ಹೆಚ್ಚು ರೋಗಿಗಳ ಅನುಭವವಿದೆ. ಆದರೆ ಕೀರ್ತಿಯೆಲ್ಲ ಕೊಟ್ಟ ಬಾಳೆಹಣ್ಣಿಗೆ ಹೋಯಿತು. ಬಿಡಿಸಿದ ಬ್ರೆಡ್ಡಿನ ಕಡೆ ಯಾರೂ ತಿರುಗಿ ನೋಡಲಿಲ್ಲ. ಪರಿಣಾಮವೇನಾಯಿತೆಂದರೆ, ಮಗು ಪೂರ್ತಿ ಗುಣವಾಯಿತೆಂದು ತೀರ್ಮಾನಿಸಿ ಮತ್ತೆ ಎಂದಿನ ಊಟಕ್ಕೆ ಕಳುಹಿಸುತ್ತಿದ್ದರು. ಕಾಯಿಲೆ ಒಳಗೇ ಮಲಗಿದ್ದು, ದೊಡ್ಡವರಾದ ಮೇಲೆ ರಕ್ತಹೀನತೆಯಾಗಿಯೋ ಮೂಳೆ ಸವೆತವಾಗಿಯೋ ಏಳುವುದಕ್ಕೆ ದಾರಿಯಾಯಿತು. 1964ರಲ್ಲಿ ತೀರಿಕೊಳ್ಳುವವರೆಗೂ ಹಾಸ್ ಬಾಳೆಹಣ್ಣನ್ನೇ ನೆಚ್ಚಿಕೊಂಡಿದ್ದರು.

ಕೊನೆಗೆ ಗೋಧಿಯ ಮೇಲೆ ಗುಮಾನಿ ಪಟ್ಟವರು ಹಾಲೆಂಡಿನ ವಿಲ್ಲೆಮ್ ಕಾರೆಲ್ ಡಿಕ್ಕೆ. ಹುಟ್ಟಿದ್ದು 1905ರಲ್ಲಿ, ಡೋರ್ಡ್ರೆಕ್ಟ್ ಎಂಬ ಊರಿನಲ್ಲಿ. ಮೂವತ್ತೊಂದನೆಯ ವಯಸ್ಸಿಗೇ ಹೇಗ್ ನಗರದ ಜೂಲಿಯಾನ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥರಾದರು. ತನ್ನ ಮಗುವಿಗೆ ಬ್ರೆಡ್ಡು ಬಿಡಿಸಿದರೆ ಮೈಮೇಲಿನ ಗುಳ್ಳೆ ಇಳಿಯುತ್ತದೆ ಎಂದು ಒಬ್ಬ ತಾಯಿ ಅವರಿಗೆ ಹೇಳಿದಳಂತೆ. ಡಿಕ್ಕೆಯವರ ಮನೆಯವರ ನೆನಪಿನಲ್ಲಿ ಉಳಿದು ಬಂದ ಮಾತಿದು. ತಾಯಂದಿರು ಇಂತಹ ಮಾತು ಹೇಳುವುದು ಹೊಸದೇನಲ್ಲ. ಕೇಳಿಸಿಕೊಳ್ಳುವ ವೈದ್ಯ ಸಿಕ್ಕಿದ್ದು ಹೊಸದು. ಡಿಕ್ಕೆ ಒಂದೊಂದೇ ಮಗುವನ್ನು ಹಿಡಿದು, ಕೆಲವು ತಿಂಗಳು ಗೋಧಿ ಬಿಡಿಸಿ, ಕೆಲವು ತಿಂಗಳು ಕೊಟ್ಟು, ತೂಕ ಮತ್ತು ಎತ್ತರದ ಲೆಕ್ಕ ಬರೆದಿಡತೊಡಗಿದರು. 1941ರಲ್ಲಿ ಗೋಧಿಯಿಲ್ಲದ ಪಥ್ಯದ ಬಗ್ಗೆ ಡಚ್ ಭಾಷೆಯ ವೈದ್ಯಕೀಯ ಪತ್ರಿಕೆಯಲ್ಲಿ ಲೇಖನವನ್ನೂ ಬರೆದರು. ದೇಶ ಆಗ ಜರ್ಮನರ ವಶದಲ್ಲಿತ್ತು. ಹೊರಜಗತ್ತಿಗೆ ಆ ಲೇಖನ ತಲುಪುವಂತಿರಲಿಲ್ಲ.

ಆಮೇಲೆ ಬಂತು ‘ಹಸಿವಿನ ಚಳಿಗಾಲ’. 1944ರ ಸೆಪ್ಟೆಂಬರಿನಲ್ಲಿ ಡಚ್ ರೈಲ್ವೆ ನೌಕರರು ಮುಷ್ಕರ ಹೂಡಿದರು. ಅದಕ್ಕೆ ಪ್ರತೀಕಾರವಾಗಿ ಜರ್ಮನರು ಪಶ್ಚಿಮ ಹಾಲೆಂಡಿಗೆ ಆಹಾರ ಸಾಗಾಟವನ್ನೇ ತಡೆದರು. ಕಾಲುವೆಗಳು ಹೆಪ್ಪುಗಟ್ಟಿದವು. ಜನ ಸಕ್ಕರೆ ಬೀಟ್‌ಗೆಡ್ಡೆ ತಿಂದರು, ಟ್ಯುಲಿಪ್ ಹೂವಿನ ಗೆಡ್ಡೆಗಳನ್ನು ಬೇಯಿಸಿ ತಿಂದರು. ಸುಮಾರು 20,000 ಜನ ಸತ್ತರು. ಬ್ರೆಡ್ಡು ಕಾಣದಾದ ಆ ತಿಂಗಳುಗಳಲ್ಲಿ ಸೀಲಿಯಾಕ್ ಇದ್ದ ಮಕ್ಕಳು ಮಾತ್ರ ವಿಚಿತ್ರವೆಂಬಂತೆ ಸುಧಾರಿಸಿದರು. 1945ರಲ್ಲಿ ಸ್ವೀಡನ್ನಿನ ಹಿಟ್ಟಿನ ಬಿಳಿ ಬ್ರೆಡ್ಡು ಬಂತು, ಏಪ್ರಿಲ್ ಕೊನೆಯಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ಆಕಾಶದಿಂದ ಆಹಾರ ಸುರಿದವು. ಊರಿಗೆ ಊರೇ ಸಂಭ್ರಮಪಡುತ್ತಿದ್ದಾಗ ಈ ಮಕ್ಕಳಿಗೆ ಮತ್ತೆ ಭೇದಿ ಶುರುವಾಯಿತು.

ಈ ಬ್ರೆಡ್ಡಿನ ಪ್ರಸಂಗವನ್ನು ಹೇಳುವವರು ಡಿಕ್ಕೆಯವರಿಗೆ ಜ್ಞಾನೋದಯವಾದದ್ದೇ ಆ ಬರಗಾಲದಲ್ಲಿ ಎನ್ನುವಂತೆ ಹೇಳುವುದುಂಟು. ಕಥೆಗೆ ರಂಗು ಬರುತ್ತದೆ ನಿಜ. ಆದರೆ 1941ರ ಲೇಖನ ಆ ಕಥೆಗೆ ಒಗ್ಗುವುದಿಲ್ಲ. ಬರಗಾಲ ಅವರ ಗುಮಾನಿಯನ್ನು ಗಟ್ಟಿಮಾಡಿತು, ಹುಟ್ಟಿಸಲಿಲ್ಲ. ಅದಕ್ಕೆ ಮುಂಚಿನ ವರ್ಷಗಳ ತಾಳ್ಮೆಯ ತೂಕದ ಲೆಕ್ಕಕ್ಕೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು.

1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಡಿಕ್ಕೆ ಪ್ರಬಂಧ ಸಲ್ಲಿಸಿದರು. ಜೀವರಸಾಯನ ತಜ್ಞ ಫಾನ್ ದ ಕಾಮರ್ ಮಲದಲ್ಲಿ ಹೊರಹೋಗುವ ಕೊಬ್ಬನ್ನು ಕರಾರುವಾಕ್ಕಾಗಿ ಅಳೆಯುವ ವಿಧಾನ ರೂಪಿಸಿದ್ದರು. ವೈದ್ಯ ವೈಯರ್ಸ್ ಜೊತೆಗೂಡಿದರು. ಗೋಧಿ ಕೊಟ್ಟಾಗ ಕೊಬ್ಬು ಹೊರಗೆ ಸೋರುತ್ತದೆ, ನಿಲ್ಲಿಸಿದರೆ ಸೋರಿಕೆ ನಿಲ್ಲುತ್ತದೆ ಎಂಬುದು ಅಂಕಿಗಳಲ್ಲಿ ಸಿದ್ಧವಾಯಿತು. ರೈ ಧಾನ್ಯವೂ ಅಪರಾಧಿ. ಅಕ್ಕಿ, ಮೆಕ್ಕೆಜೋಳ, ಆಲೂಗಡ್ಡೆ ನಿರಪರಾಧಿಗಳು. 1952ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಷಾರ್ಲಟ್ ಆಂಡರ್ಸನ್ ಮತ್ತು ಸಂಗಡಿಗರು ಗೋಧಿ ಹಿಟ್ಟನ್ನು ತೊಳೆದು ಪಿಷ್ಟವನ್ನೂ ಅಂಟನ್ನೂ ಬೇರ್ಪಡಿಸಿ ಕೊಟ್ಟು ನೋಡಿದರು. ಪಿಷ್ಟ ನಿರುಪದ್ರವಿ. ಕೆಡುಕೆಲ್ಲ ಅಂಟಿನಲ್ಲಿತ್ತು. ನೀವೂ ಒಂದು ಉಂಡೆ ಗೋಧಿ ಕಣಕವನ್ನು ನೀರಿನಲ್ಲಿ ಹಿಚುಕಿ ಹಿಚುಕಿ ತೊಳೆದು ನೋಡಿ. ಬಿಳಿ ನೀರು ಹರಿದುಹೋಗಿ ರಬ್ಬರಿನಂತೆ ಎಳೆದರೆ ಹಿಗ್ಗುವ ಮುದ್ದೆಯೊಂದು ಕೈಯಲ್ಲಿ ಉಳಿಯುತ್ತದೆ. ಅದೇ ಗ್ಲುಟೆನ್. ಲ್ಯಾಟಿನ್ನಿನಲ್ಲಿ ಆ ಮಾತಿಗೆ ಅಂಟು ಎಂದೇ ಅರ್ಥ. ಚಪಾತಿ ಹರಿಯದೆ ತೆಳ್ಳಗೆ ಲಟ್ಟಿಸಲು ಬರುವುದು, ಹೋಳಿಗೆಯ ಕಣಕ ಹೂರಣವನ್ನು ಅಪ್ಪಿಕೊಂಡು ನಿಲ್ಲುವುದು ಈ ಅಂಟಿನ ಕೃಪೆಯಿಂದ. ರಾಗಿಯಲ್ಲೂ ಜೋಳದಲ್ಲೂ ಅದಿಲ್ಲ. ಅದಕ್ಕೇ ಜೋಳದ ರೊಟ್ಟಿಯನ್ನು ಬಿಸಿನೀರಿನಲ್ಲಿ ನಾದಿ ಕೈಯಿಂದ ತಟ್ಟಬೇಕು.

ಒಳಗೆ ಏನು ನಡೆಯುತ್ತದೆ ಎಂಬುದು ತಿಳಿದದ್ದು ತುಸು ತಡವಾಗಿ. 1954ರಲ್ಲಿ ಇಂಗ್ಲೆಂಡಿನ ಜಾನ್ ಪಾಲಿ ಶಸ್ತ್ರಚಿಕಿತ್ಸೆಯ ವೇಳೆ ತೆಗೆದ ಕರುಳಿನ ಚೂರುಗಳನ್ನು ಪರೀಕ್ಷಿಸಿ ಒಳಪದರ ಕೆಟ್ಟಿರುವುದನ್ನು ತೋರಿಸಿದರು. ಎರಡು ಮೂರು ವರ್ಷಗಳಲ್ಲಿ ಹೊಟ್ಟೆ ಕೊಯ್ಯದೆಯೇ ಚೂರು ತೆಗೆಯುವ ಉಪಕರಣಗಳು ಬಂದವು. ನಮ್ಮ ಸಣ್ಣ ಕರುಳಿನ ಒಳಗೋಡೆ ದಪ್ಪ ಟವೆಲ್ಲಿನಂತೆ ಲಕ್ಷಾಂತರ ಸಣ್ಣ ಕುಚ್ಚುಗಳಿಂದ ಕೂಡಿದೆ. ಆಹಾರದ ಸಾರವನ್ನು ಹೀರುವುದು ಆ ಕುಚ್ಚುಗಳು. ಸೀಲಿಯಾಕ್ ಇರುವವರು ಗ್ಲುಟೆನ್ ತಿಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನ ಕರುಳಿನ ಮೇಲೆ ತಾನೇ ತಿರುಗಿಬಿದ್ದು ಅವನ್ನು ಸವೆಸಿಬಿಡುತ್ತದೆ. ಬೋಳಾದ ಗೋಡೆಯ ಮೇಲೆ ಕಬ್ಬಿಣಾಂಶ, ಸುಣ್ಣದಂಶ, ಕೊಬ್ಬು ಎಲ್ಲವೂ ಜಾರಿಹೋಗುತ್ತವೆ. ನಮ್ಮ ಅಜ್ಜಿಯಂದಿರು ‘ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ’ ಎನ್ನುತ್ತಿದ್ದ ಮಾತು ಇಲ್ಲಿ ಅಕ್ಷರಶಃ ಸತ್ಯ. ಗ್ಲುಟೆನ್ ಪೂರ್ತಿ ಬಿಟ್ಟರೆ ಕುಚ್ಚುಗಳು ಮತ್ತೆ ಬೆಳೆಯುತ್ತವೆ. 1997ರಲ್ಲಿ ಜರ್ಮನಿಯ ಸಂಶೋಧಕರು ದೇಹ ಯಾವ ಕಿಣ್ವದ ವಿರುದ್ಧ ತಿರುಗಿಬೀಳುತ್ತದೆ ಎಂಬುದನ್ನು ಗುರುತಿಸಿದ ಮೇಲೆ, ಒಂದು ರಕ್ತಪರೀಕ್ಷೆಯಿಂದಲೇ ಸಂಶಯವನ್ನು ಗಟ್ಟಿಮಾಡಿಕೊಳ್ಳುವುದು ಸಾಧ್ಯವಾಯಿತು.

ಡಿಕ್ಕೆ ಇದನ್ನೆಲ್ಲ ನೋಡಲು ಉಳಿಯಲಿಲ್ಲ. 1962ರಲ್ಲಿ, 57ನೆಯ ವಯಸ್ಸಿಗೆ ತೀರಿಕೊಂಡರು.

ಇನ್ನು ನಮ್ಮ ನಾಡಿನ ಮಾತು. ಇದು ಬಿಳಿಯರ ಕಾಯಿಲೆ ಎಂಬ ಭಾವನೆ ಬಹುಕಾಲ ಇತ್ತು. 1966ರಲ್ಲಿ ಉತ್ತರ ಭಾರತದ ಮಕ್ಕಳಲ್ಲಿ ಸೀಲಿಯಾಕ್ ಇರುವುದನ್ನು ವಾಲಿಯಾ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಮಾಡಿದರು. 1973ರಲ್ಲಿ ಬರ್ಮಿಂಗ್‌ಹ್ಯಾಮಿನಿಂದ, ಅದೇ ಆಂಡರ್ಸನ್ ಅವರ ಬಳಗದಿಂದ, ಅಲ್ಲಿಗೆ ವಲಸೆ ಹೋದ ಏಷ್ಯನ್ ಕುಟುಂಬಗಳ ಮಕ್ಕಳಲ್ಲೂ ಇದಿದೆ ಎಂಬ ವರದಿ ಬಂತು. ಆದರೂ ಇಲ್ಲಿ ಮಗು ಬಡಕಲಾಗಿದ್ದರೆ ಬಡತನ, ಜಂತುಹುಳು, ಕ್ಷಯ ಇವುಗಳ ಕಡೆಗೇ ಮೊದಲು ಗಮನ ಹೋಗುತ್ತಿತ್ತು. ಅದು ತಪ್ಪೂ ಅಲ್ಲ, ಅವೇ ಹೆಚ್ಚಾಗಿದ್ದವು. ದಕ್ಷಿಣದಲ್ಲಂತೂ ಉಷ್ಣವಲಯದ ಸ್ಪ್ರೂ ಎಂಬ, ಲಕ್ಷಣಗಳಲ್ಲಿ ಸೀಲಿಯಾಕನ್ನೇ ಹೋಲುವ ಬೇರೊಂದು ಕಾಯಿಲೆ ಇತ್ತು. ವೆಲ್ಲೂರಿನ ವೈದ್ಯರು ಅದರ ಮೇಲೆ ದೊಡ್ಡ ಸಂಶೋಧನೆಯನ್ನೇ ನಡೆಸಿದ್ದರು.

2006ರಲ್ಲಿ ಪಂಜಾಬಿನ ಶಾಲಾ ಮಕ್ಕಳ ತಪಾಸಣೆಯಲ್ಲಿ 310ಕ್ಕೆ ಒಬ್ಬರಲ್ಲಿ ಕಾಯಿಲೆ ಕಂಡಿತು. 2011ರಲ್ಲಿ ದೆಹಲಿ ಸೀಮೆಯ ಸಮೀಕ್ಷೆ 96ಕ್ಕೆ ಒಬ್ಬರು ಎಂದಿತು. ನಮಗೆ ತೀರ ಮುಖ್ಯವಾದದ್ದು 2016ರಲ್ಲಿ ಪ್ರಕಟವಾದ ಅಧ್ಯಯನ. ಉತ್ತರ, ಈಶಾನ್ಯ, ದಕ್ಷಿಣ ಮೂರು ಪ್ರದೇಶಗಳಲ್ಲಿ 23,331 ಜನ ವಯಸ್ಕರನ್ನು ಪರೀಕ್ಷಿಸಿದ್ದರು. ರಕ್ತದಲ್ಲಿ ಸೀಲಿಯಾಕ್ ಸೂಚಿಸುವ ಪ್ರತಿಕಾಯಗಳು ಉತ್ತರದಲ್ಲಿ ಶೇಕಡಾ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ ಕೇವಲ 0.10. ಹಾಗಾದರೆ ದಕ್ಷಿಣದವರ ರಕ್ತವೇ ಬೇರೆಯೇ? ಅಲ್ಲ. ಈ ಕಾಯಿಲೆಗೆ ಅವಕಾಶ ಕೊಡುವ ವಂಶವಾಹಿಗಳು ಉತ್ತರದಲ್ಲಿ ಶೇಕಡಾ 38.1 ಜನರಲ್ಲಿದ್ದರೆ ದಕ್ಷಿಣದಲ್ಲಿ 36.4. ಹೆಚ್ಚು ಕಡಿಮೆ ಒಂದೇ. ಬೇರೆಯಿದ್ದದ್ದು ತಟ್ಟೆ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ. ಈಶಾನ್ಯದವರು ತಿನ್ನುತ್ತಿದ್ದದ್ದೂ 37 ಗ್ರಾಂ ಮಾತ್ರ, ಆದರೂ ಅಲ್ಲಿ ಪ್ರಮಾಣ ಹೆಚ್ಚು. ಆದ್ದರಿಂದ ಗೋಧಿಯ ತೂಕವೊಂದೇ ಎಲ್ಲವನ್ನೂ ವಿವರಿಸುವುದಿಲ್ಲ. ಆದರೆ ಕಾಯಿಲೆಗೆ ಬೇಕಾದ ನೆಲ ನಮ್ಮಲ್ಲೂ ಹದವಾಗಿದೆ ಎಂಬುದಂತೂ ಖಚಿತ.

ಆ ನೆಲಕ್ಕೆ ಬೀಜ ಬೀಳುತ್ತ ಬಂದ ಬಗೆಯೂ ಚರಿತ್ರೆಯೇ. ಹಾಲೆಂಡಿನಲ್ಲಿ ಯುದ್ಧ ತಟ್ಟೆಯಿಂದ ಗೋಧಿಯನ್ನು ಕಿತ್ತುಕೊಂಡಿತು. ನಮ್ಮಲ್ಲಿ ಅದೇ ಯುದ್ಧ ತಟ್ಟೆಗೆ ಗೋಧಿಯನ್ನು ಬಡಿಸಿತು! 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿನ ಅಕ್ಕಿ ನಿಂತಿತು. ಅಕ್ಕಿಯ ಅಭಾವದ ಆ ದಿನಗಳಲ್ಲೇ ತಮ್ಮಲ್ಲಿ ರವೆ ಇಡ್ಲಿ ಹುಟ್ಟಿತು ಎಂದು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರು ಹೇಳಿಕೊಂಡು ಬಂದಿದ್ದಾರೆ. 1956ರ ಒಪ್ಪಂದದ ನಂತರ ಪಿ.ಎಲ್. 480 ಯೋಜನೆಯ ಅಮೆರಿಕದ ಗೋಧಿ ಹಡಗುಗಳಲ್ಲಿ ಬಂತು. 1966ರಲ್ಲಿ 18,000 ಟನ್ ಮೆಕ್ಸಿಕನ್ ಗಿಡ್ಡ ತಳಿಯ ಬೀಜ ಬಂದು ಹಸಿರು ಕ್ರಾಂತಿಯಾಯಿತು. ಆಮೇಲೆ ಚಪಾತಿ ಹಳೆ ಮೈಸೂರಿನ ಮನೆಗಳಲ್ಲೂ ರಾತ್ರಿಯ ಊಟವಾಯಿತು. ಸಕ್ಕರೆ ಕಾಯಿಲೆಗೆ ಅನ್ನ ಬಿಡಿ, ಚಪಾತಿ ತಿನ್ನಿ ಎಂಬ ಸಲಹೆ ಬೀದಿ ಬೀದಿಯಲ್ಲಿ ಸಿಗುತ್ತದೆ. ಎಳೆವಯಸ್ಸಿನಲ್ಲೇ ಇನ್ಸುಲಿನ್ ಬೇಕಾಗುವ ಬಗೆಯ ಸಕ್ಕರೆ ಕಾಯಿಲೆ ಇರುವ ಮಕ್ಕಳಲ್ಲಿ ಸೀಲಿಯಾಕ್ ಹೆಚ್ಚಾಗಿ ಕಾಣುತ್ತದೆ ಎಂಬುದು ಆ ಸಲಹೆಗಾರರಿಗೆ ಗೊತ್ತಿರುವುದಿಲ್ಲ.

ಹೀಗಾಗಿ ಕರ್ನಾಟಕದಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದರೆ ಪತ್ತೆಯಾಗುವುದು ನಿಧಾನ. ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿಯೂ ರಕ್ತ ಏರದ ಹೆಂಗಸು, ತರಗತಿಯಲ್ಲೆಲ್ಲ ಗಿಡ್ಡಗಿರುವ ಹುಡುಗ, ಸದಾ ಹೊಟ್ಟೆಯುಬ್ಬರವೆನ್ನುವ ಯುವಕ, ಇವರಲ್ಲಿ ಕೆಲವರ ಬಗ್ಗೆಯಾದರೂ ಗೋಧಿಯ ಮೇಲೆ ಗುಮಾನಿ ಪಡಬೇಕು. ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇನೆ. ಅನುಮಾನ ಬಂದ ಕೂಡಲೇ ತಾವಾಗಿಯೇ ಗೋಧಿ ನಿಲ್ಲಿಸಿಬಿಡಬಾರದು. ಗೋಧಿ ತಿನ್ನುತ್ತಿರುವಾಗಲೇ ರಕ್ತಪರೀಕ್ಷೆ, ಅಗತ್ಯವಿದ್ದರೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರಿನ ಪರೀಕ್ಷೆ ಆಗಬೇಕು. ಬಿಟ್ಟ ಮೇಲೆ ಹೋದರೆ ಸಾಕ್ಷ್ಯವೇ ಅಳಿಸಿಹೋಗಿರುತ್ತದೆ.

ಪತ್ತೆಯಾದ ಮೇಲೆ ಔಷಧಿ ಎಂಬುದಿಲ್ಲ. ಗೋಧಿ, ಬಾರ್ಲಿ, ರೈ ಇವುಗಳನ್ನು ಜೀವಮಾನವಿಡೀ ಬಿಡುವುದೇ ಚಿಕಿತ್ಸೆ. ಯುರೋಪಿನವರಿಗೆ ಇದು ಬ್ರೆಡ್ಡು ಬಿಟ್ಟ ಬದುಕು, ನಿಜಕ್ಕೂ ಕಠಿಣ. ಬ್ರಿಟನ್ನಿನಲ್ಲಿ ರೋಗಿಗಳೇ ಸೇರಿ 1968ರಲ್ಲಿ ಒಂದು ಸಂಘ ಕಟ್ಟಿಕೊಂಡರು. ಅದನ್ನು ಕಟ್ಟಿದವರಲ್ಲಿ ಒಬ್ಬರು ಪೀಟರ್ ಬೆನೆನ್ಸನ್, ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸ್ಥಾಪಕರು. ಅವರಿಗೂ ಈ ಕಾಯಿಲೆಯಿತ್ತು. ನಮ್ಮ ಅಡುಗೆಮನೆ ಇದಕ್ಕೆ ಹೆಚ್ಚು ಸಿದ್ಧವಾಗಿದೆ. ಮುದ್ದೆ, ಜೋಳದ ರೊಟ್ಟಿ, ಅಕ್ಕಿರೊಟ್ಟಿ, ಇಡ್ಲಿ, ಕಡುಬು, ಒತ್ತು ಶಾವಿಗೆ, ನವಣೆ, ಸಾಮೆ, ಸಜ್ಜೆ ಯಾವುದಕ್ಕೂ ಅಡ್ಡಿಯಿಲ್ಲ. ಹೋಗುವುದು ಚಪಾತಿ, ಉಪ್ಪಿಟ್ಟು, ಹೋಳಿಗೆ, ಗೋಧಿ ಹುಗ್ಗಿ, ಮಾದಲಿ, ಬಿಸ್ಕತ್ತು. ಹಳೆಯ ಕಾಲದ್ದು, ಸತ್ವದ್ದು ಎಂದು ಈಗ ಹೆಚ್ಚಿನ ಬೆಲೆಗೆ ಮಾರುವ ಖಪ್ಲಿ ಗೋಧಿಯೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ.

ಕಷ್ಟವಿರುವುದು ಕಣ್ಣಿಗೆ ಕಾಣದ ಗೋಧಿಯಲ್ಲಿ. ಅಂಗಡಿಯ ಡಬ್ಬಿಯ ಇಂಗು ಶುದ್ಧ ಇಂಗಲ್ಲ. ಬಹುಪಾಲು ಅದಕ್ಕೆ ಮೈದಾ ಅಥವಾ ಗೋಧಿ ಹಿಟ್ಟನ್ನು ಬೆರೆಸಿರುತ್ತಾರೆ. ಅಕ್ಕಿಯ ಅನ್ನಕ್ಕೆ ತೊಗರಿಬೇಳೆಯ ಸಾರು ಹಾಕಿಕೊಂಡು ನಿಶ್ಚಿಂತೆಯಿಂದ ಉಂಡವರಿಗೆ ಒಗ್ಗರಣೆಯಲ್ಲಿ ಗೋಧಿ ಬಂದಿರುತ್ತದೆ. ಮಕ್ಕಳಿಗೆ ಶಕ್ತಿ ಬರಲೆಂದು ಕೊಡುವ ಮಾಲ್ಟ್ ಪುಡಿಗಳಲ್ಲಿ ಬಾರ್ಲಿಯಿರುತ್ತದೆ. ಅಂತರರಾಷ್ಟ್ರೀಯ ನಿಯಮದಂತೆ, ನಮ್ಮ ದೇಶದ ನಿಯಮದಂತೆಯೂ, ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ ಗ್ಲುಟೆನ್‌ರಹಿತ ಎಂದು ಬರೆಯಬಹುದು.

ಈ ಮಿಲಿಗ್ರಾಂ ಲೆಕ್ಕ ಅತಿಯೆನಿಸಬಹುದು. ಸತ್ಯನಾರಾಯಣ ಪೂಜೆಯ ಸಜ್ಜಿಗೆಯನ್ನು ಮುಂದೆ ಹಿಡಿದು, ‘ದೇವರ ಪ್ರಸಾದ ಕಣಮ್ಮ, ಒಂದು ಚೂರು ಬಾಯಿಗೆ ಹಾಕ್ಕೋ, ಏನೂ ಆಗಲ್ಲ’ ಎನ್ನುವ ಹಿರಿಯರಿಗೆ ಏನು ಹೇಳುವುದು? ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಸೇರಿದರೆ ಕರುಳಿಗೆ ಹಾನಿಯಾಗುತ್ತದೆ ಎಂದು 2007ರ ಒಂದು ಪ್ರಯೋಗ ತೋರಿಸಿತು. ಒಂದು ಚಪಾತಿಯಲ್ಲಿ ಎರಡು ಮೂರು ಗ್ರಾಂ ಗ್ಲುಟೆನ್ ಇರುತ್ತದೆ. ಅಂದರೆ ಚಪಾತಿಯನ್ನು ಐವತ್ತು ಚೂರು ಮಾಡಿದರೆ ಅದರಲ್ಲಿ ಒಂದು ಚೂರು. ಅನೇಕರಿಗೆ ತಿಂದ ಕೂಡಲೇ ಹೊಟ್ಟೆನೋವೂ ಬರುವುದಿಲ್ಲ. ಅದಕ್ಕೇ ‘ಏನೂ ಆಗಲಿಲ್ಲವಲ್ಲ’ ಎಂಬ ಮಾತಿಗೆ ಬಲ ಬರುವುದು. ಹೆಣ್ಣುಮಗಳಾದರಂತೂ ಪಥ್ಯವೆಂದರೆ ಸೊಕ್ಕೆಂದು ತಿಳಿಯುವ ಮನೆಗಳಿವೆ. ಪ್ರಸಾದಕ್ಕೆ ಅವಲಕ್ಕಿಯನ್ನೋ ಬಾಳೆಹಣ್ಣನ್ನೋ ಬೇರೆ ಇಟ್ಟುಬಿಟ್ಟರೆ ಈ ಇಕ್ಕಟ್ಟೇ ಇರುವುದಿಲ್ಲ. ಶಾಸ್ತ್ರಕ್ಕೂ ಅದರಿಂದ ಭಂಗವಿಲ್ಲ.

ಇನ್ನೊಂದು ಇಕ್ಕಟ್ಟು ಹಿಟ್ಟಿನ ಗಿರಣಿಯದು. ಮುಂದಿನವರ ಗೋಧಿ ಬೀಸಿದ ಕಲ್ಲಿನಲ್ಲೇ ನಮ್ಮ ಜೋಳವೂ ಬೀಳುತ್ತದೆ. ಕಲ್ಲಿನ ಸಂದಿಯಲ್ಲಿ ಉಳಿದ ಹಿಡಿ ಹಿಟ್ಟು ನಮ್ಮ ಡಬ್ಬಿಗೆ ಸೇರುತ್ತದೆ. ಬೆಳಿಗ್ಗೆ ಮೊದಲಿಗೆ ಹೋದರೂ ಸಾಲದು, ಹಿಂದಿನ ರಾತ್ರಿಯ ಶೇಷ ಅಲ್ಲಿರುತ್ತದೆ. ಆದ್ದರಿಂದ ತಿಳಿದ ಮನೆಗಳಲ್ಲಿ ಧಾನ್ಯವನ್ನು ತಾವೇ ಆರಿಸಿ, ತೊಳೆದು, ಒಣಗಿಸಿ, ಮನೆಯಲ್ಲೇ ಸಣ್ಣ ವಿದ್ಯುತ್ ಗಿರಣಿಯಿಟ್ಟು ಬೀಸಿಕೊಳ್ಳುತ್ತಾರೆ. ಜಗಲಿಯ ಮೂಲೆಯಲ್ಲಿ ಅಜ್ಜಿಯ ಕಾಲದ ಬೀಸುಕಲ್ಲು ಇನ್ನೂ ಇರುವವರು ಅದನ್ನು ಚೆನ್ನಾಗಿ ತೊಳೆದು, ರಾಗಿಗೆಂದೇ ಬೇರೆ ಇಟ್ಟುಕೊಂಡರೂ ಆಯಿತು.